ಹೆಸರೆತ್ತಬಾರದ ಹುಲ್ಲು

"ಹಿರೇಕೆರೆಯ ದನಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ! ತಪ್ಪಿದವನು ಕೆರೆಯ ಪಾಲು!" ಎಂದು ಅರಸ ಚಂದ್ರಗೊಂಡ ಡಂಗುರ ಹೊಡೆಸಿದ. ಹಳೆಯ ಕಟ್ಟಪ್ಪಣೆಯೊಂದು ಹೇಗೂ ಇದ್ದೇ ಇತ್ತು: ಕೆರೆಯೊಳಗಿನ ಹುಲ್ಲಿನ ಹೆಸರೆತ್ತಿದವನ ತಲೆ ಉಳಿಯದು. ಅರಸನ ಒಬ್ಬಳೇ ಮಗಳು ಹೊನ್ನಾಂಬೆ ತೆಪ್ಪ ಮಗುಚಿ ಮುಳುಗಿದ್ದಳು, ಹೆಣವೂ ಸಿಗಲಿಲ್ಲ. ಹುಲ್ಲು ಕಾಲಿಗೆ ಸುತ್ತಿ ಕೊಂದಿತೆಂದು ಅರಸ ಅದನ್ನು ಬೇರುಸಹಿತ ಕೀಳಿಸಿದ. ಅಂದಿನಿಂದ ನೀರೆಲ್ಲ ಬಗ್ಗಡ, ಮೀನು ಸತ್ತ ನಾತ. ಮನೆಗೆ ತಂದ ಕೊಡದೊಳಗೂ ಗೆಜ್ಜೆ ಸದ್ದು. ಸಂಜೆಯಾದರೆ ಕೆರೆಯಿಂದ ಹೆಣ್ಣುದನಿಯೊಂದು ಒಗಟು ಕೇಳುತ್ತಿತ್ತು.

ದನಿ ಯಾರದೆಂದು ಊರಿಗೆಲ್ಲ ಗೊತ್ತು. ಹೇಳುವ ಎದೆ ಯಾರಿಗಿದೆ?

ಸಂಜೆ ದಳವಾಯಿ ದಡಕ್ಕೆ ಬಂದ. ನೀರು ಕೇಳಿತು: "ಕೈಯಿಲ್ಲದೆ ಕೆಸರನ್ನು ಹಿಡಿದು ಕೂತವಳು ಯಾರು? ನೀರೊಳಗೇ ಇದ್ದು ನೀರಿಗೇ ಉಸಿರು ಕೊಡುವವಳು ಯಾರು? ಮರಿಗಳ ತೊಟ್ಟಿಲಾಗಿದ್ದವಳು, ಅವಳು ಹೋದ ಮೇಲೆ ಕೆರೆಗೆ ಕಣ್ಣೇ ಹೋಯಿತು, ಅವಳು ಯಾರು?"

"ಏರಿ, ಗಾಳಿ, ತಾವರೆ" ಎಂದ ದಳವಾಯಿ. ಅವನ ಪೇಟ ಮಾತ್ರ ತೇಲಿತು.

ಮರುದಿನ ಆಸ್ಥಾನದ ಪಂಡಿತ. ಉತ್ತರ ಅವನ ನಾಲಿಗೆ ತುದಿಗೆ ಬಂದಿದ್ದನ್ನು ಎಲ್ಲರೂ ನೋಡಿದರು. ದಡದಲ್ಲಿ ನಿಂತಿದ್ದ ಅರಸನ ಕತ್ತಿ ಕಂಡು, ಹಾವೂ ಸಾಯದೆ ಕೋಲೂ ಮುರಿಯದೆ ಇರಲೆಂದು "ಗಂಗಾಮಾತೆ" ಎಂದ. ಕೆರೆ ಅವನನ್ನೂ ನುಂಗಿತು.

ಬೆಸ್ತರ ಸಣ್ಣೀರ ಎದ್ದ. ಅವನ ತಾಯಿ ಸೆರಗು ಬಾಯಿಗಿಟ್ಟುಕೊಂಡಳು. "ಬ್ಯಾಡ ಮಗಾ, ಕೆರೆ ಬಿಟ್ರೂ ದೊರೆ ಬಿಡಾಕಿಲ್ಲ."

"ಈ ನೀರು ಕುಡಿದು ಎಷ್ಟು ದಿನ ಬದುಕ್ತೀವವ್ವಾ?" ಎಂದು ಅವನು ದಡಕ್ಕಿಳಿದ. ಅತ್ತ ದರಿ, ಇತ್ತ ಪುಲಿ.

"ಹುಲ್ಲು" ಎಂದ. "ಮೂರಕ್ಕೂ ಅದೇ. ಬೇರು ಕೆಸರನ್ನ ಹಿಡಿದಿತ್ತು. ಬಿಸಿಲಿಗೆ ಗುಳ್ಳೆ ಬಿಟ್ಟು ನೀರಿಗೆ ಉಸಿರು ಕೊಡ್ತಿತ್ತು. ಮೀನಿನ ಮರಿ ಅದರ ಮರೇಲೇ ಬೆಳೀತಿದ್ವು. ಅದನ್ನ ಕಿತ್ತ ಮೇಲೆ ಕೆಸರೆದ್ದು ಕೆರೆ ಕುರುಡಾಯ್ತು."

ನೀರು ಅಲುಗಲಿಲ್ಲ. ಅರಸನ ಕತ್ತಿ ಮೇಲೆದ್ದಿತು. ಆಗ ಆಳದಿಂದ ದನಿ ಬಂತು: "ಅಪ್ಪಾಜಿ, ಹುಲ್ಲು ನನ್ನನ್ನು ಕೊಲ್ಲಲಿಲ್ಲ. ನಾನಿನ್ನೂ ಇಲ್ಲೇ ಇದ್ದೇನೆ. ಈ ಬಗ್ಗಡದಲ್ಲಿ ನಿಮಗೆ ಕಾಣುತ್ತಿಲ್ಲ, ಅಷ್ಟೆ."

ಕತ್ತಿ ಕೈಜಾರಿತು. ಅರಸ ಅರ್ಧ ರಾಜ್ಯ ಕೊಡಹೋದ. ಸಣ್ಣೀರ ಬೇಡವೆಂದ. "ಬುದ್ಧೀ, ಪಕ್ಕದ ಹೊಂಡದಲ್ಲಿ ಹುಲ್ಲು ಉಳಿದೈತೆ. ನಿಮ್ಮ ಕೈಯಾರೆ ತಂದು ನೆಡಿ."

ಅರಸ ಸೊಂಟದ ಮಟ್ಟ ಕೆಸರಲ್ಲಿ ನಿಂತು ನೆಟ್ಟ. ಎರಡು ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಯಿತು. ಅರಸ ಸಣ್ಣೀರನ ತೆಪ್ಪದಿಂದ ಬಗ್ಗಿ ನೋಡಿದರೆ, ತಳದ ಹಸಿರಿನ ನಡುವೆ ಹೊನ್ನಾಂಬೆಯ ಒಂದು ಕಾಲ್ಗೆಜ್ಜೆ. ಅರಸ ಮಗುವಿನಂತೆ ಅತ್ತ. ಕೆರೆಯ ಕಾವಲನ್ನು ಅಲ್ಲೇ ಸಣ್ಣೀರನ ಮನೆತನಕ್ಕೆ ಬರೆದುಕೊಟ್ಟ.

"ಮೇಲೆತ್ತಲಾ ಬುದ್ಧೀ?" ಎಂದು ಸಣ್ಣೀರ ಕೇಳಿದ.

"ಬೇಡ" ಎಂದ ಅರಸ. "ಹುಲ್ಲು ಹಿಡಿದುಕೊಂಡಿದೆ. ಇರಲಿ."

ಆ ಸಂಜೆಯಿಂದ ಕೊಡದೊಳಗೆ ನೀರಿನ ಸದ್ದು ಮಾತ್ರ.