ತಲೆ ತಗ್ಗಿಸಿ ಹತ್ತಿದ ಜೀಪು

ಗುರುಗಳು ಅಂದ ತಕ್ಷಣ ಬಿಳಿ ಗಡ್ಡ ನೆನಪು ಮಾಡ್ಕೋಬೇಡಿ. ಮೊಗಣ್ಣಾಚಾರ್ರಿಗೆ ಗಡ್ಡವೇ ಇರಲಿಲ್ಲ. ವೆಲ್ಡಿಂಗ್ ಕಿಡಿ ಹಾರಿ ಹಾರಿ ಹುಬ್ಬೂ ಅರ್ಧ ಹೋಗಿತ್ತು.

ಆಶ್ರಮ ಅಂದರೆ ಹೇಮಾವತಿ ಹೊಳೆದಂಡೆಯ ಒಂದು ತಗಡಿನ ಶೆಡ್ಡು. ಮಂತ್ರ ಇರಲಿಲ್ಲ, ಗ್ರೈಂಡರ್ ಇತ್ತು.

ಗುಡ್ಡ ಹತ್ತುವ ಜೀಪುಗಳಿಗೆ ಅಲ್ಲಿ ಎರಡು ಸಾಮಾನು ಮಾಡಿ ಕೂರಿಸುತ್ತಿದ್ದರು. ಕಾಲಿಟ್ಟು ಹತ್ತೋಕೆ ಪಕ್ಕದಲ್ಲಿ ಸ್ಟೆಪ್ ಬಾರ್. ಜೀಪು ಪಲ್ಟಿ ಹೊಡೆದರೆ ತಲೆ ಉಳಿಯೋಕೆ ಮೇಲೆ ಕಮಾನಿನ ಹಾಗೆ ರೋಲ್ ಬಾರ್.

ಶಿಷ್ಯ ತಿಮ್ಮೇಶ ಮೂರು ವರ್ಷದಿಂದ ಪೈಪು ಹಿಡಿದುಕೊಂಡು ನಿಂತಿದ್ದ. ಗುರುಗಳು ಬೆಸೆಯೋರು, ಇವನು ಹಿಡಿಯೋನು. ಅಷ್ಟೇ ವಿದ್ಯಾಭ್ಯಾಸ.

ಒಂದು ದಿನ ತಡೆಯಲಾರದೆ ಕೇಳಿದ.

"ಗುರುಗಳೇ, ರೋಲ್ ಬಾರ್ ಕೆಲಸ ನನ್ನ ಕೈಗೆ ಯಾವಾಗ ಕೊಡ್ತೀರಾ?"

"ಮೊದಲು ಒಂದು ಸ್ಟೆಪ್ ಬಾರ್ ಮಾಡು."

"ಅದೇನ್ ಮಹಾ ಗುರುಗಳೇ, ಕಾಲಿಡೋದು ತಾನೇ? ರೋಲ್ ಬಾರ್ ಅಂದ್ರೆ ಜೀವ ಕಾಯೋದು!"

"ಕಾಲಿಗೇ ದಾರಿ ತೋರಿಸಲಾರದವನು ತಲೆ ಕಾಯ್ತೀಯ?"

ಅವತ್ತೇ ಅಶ್ರಫನ ಜೀಪು ಬಂತು. ಅಶ್ರಫ್ ಬೆಟ್ಟ ನೋಡೋಕೆ ಬರುವವರನ್ನು ಮೇಲಕ್ಕೆ ಕರೆದೊಯ್ಯುವವನು. ಅವನಿಗೆ ಎರಡೂ ಬೇಕಿತ್ತು.

ಗುರುಗಳು ತಿಮ್ಮೇಶನಿಗೆ ಹೇಳಿದರು, "ಸ್ಟೆಪ್ ಬಾರ್ ಪೂರ್ತಿ ನಿಂದು. ಸರಿಯಾದ್ರೆ ರೋಲ್ ಬಾರೂ ನಿಂದೇ. ಕೆಟ್ರೆ ಇನ್ನೊಂದು ವರ್ಷ ಪೈಪು ಹಿಡ್ಕೊಂಡು ನಿಲ್ಲು."

ತಿಮ್ಮೇಶ ಊಟ ಬಿಟ್ಟು ಕೂತ. ಮುಖ ಕಾಣುವಷ್ಟು ಫಳಫಳ ಹೊಳೆಯುವ ದುಂಡನೆಯ ಸ್ಟೀಲ್ ಪೈಪು ತಂದ. ಬೇಕಾದ್ದಕ್ಕಿಂತ ಒಂದು ಗೇಣು ಆಚೆಗೆ ಕೂರಿಸಿದ. ಎರಡು ತುದಿಯನ್ನೂ ಎತ್ತಿನ ಕೊಂಬಿನ ಹಾಗೆ ಮೇಲಕ್ಕೆ ಬಗ್ಗಿಸಿದ.

ಅಶ್ರಫ್ ನೋಡಿ ಅಂದ, "ಏನಪ್ಪಾ ಇದು, ನನ್ನ ಜೀಪನ್ನ ಮದುವೆ ಗಾಡಿ ಮಾಡ್ಬಿಟ್ಯಲ್ಲ!"

ತಿಮ್ಮೇಶ ಅದನ್ನು ಹೊಗಳಿಕೆ ಅಂತಲೇ ತಗೊಂಡ.

ಗುರುಗಳು ಮಾತ್ರ ಚಂದ ಅನ್ನಲಿಲ್ಲ, ಕೆಟ್ಟದು ಅನ್ನಲಿಲ್ಲ. "ನಾಳೆ ಜೀಪ್ ಸ್ಟ್ಯಾಂಡಿಗೆ ಹೋಗಿ, ಹತ್ತೋರನ್ನ ನೋಡ್ಕೊಂಡು ಬಾ" ಅಂದರು.

ಮರುದಿನ ತಿಮ್ಮೇಶ ಕುಣಿದುಕೊಂಡೇ ಬಂದ.

"ಗುರುಗಳೇ! ಎರಡು ಟ್ರಿಪ್ಪು, ಹನ್ನೊಂದು ಜನ. ಹನ್ನೊಂದು ಜನಾನೂ ತಲೆ ಬಗ್ಗಿಸಿ ನನ್ನ ಸ್ಟೆಪ್ ಬಾರ್ ನೋಡಿದ್ರು! ಒಬ್ಬರು ಅಜ್ಜಿ ಅಂತೂ ಎರಡು ಸಲ ನೋಡಿದ್ರು!"

"ಅಜ್ಜಿ ಏನಾದ್ರೂ ಅಂದ್ರಾ?"

"ಶಿವಶಿವಾ ಅಂದ್ರು."

"ಭಕ್ತಿ ಉಕ್ಕಿರಬೇಕು" ಅಂತ ಗುರುಗಳು ಟೀ ಹೀರಿದರು.

ಅದರ ಮರುದಿನ ಗುರುಗಳೇ ಅವನ ಜೊತೆ ಹೊರಟರು. ಸ್ಟ್ಯಾಂಡಿನಲ್ಲಿ ಅಶ್ರಫನ ಜೀಪಿನ ಮುಂದೆ ಇನ್ನೊಂದು ಹಳೇ ಜೀಪು ನಿಂತಿತ್ತು. ಅದರ ಸ್ಟೆಪ್ ಬಾರ್ ಗುರುಗಳು ಎಂಟು ವರ್ಷದ ಹಿಂದೆ ಮಾಡಿದ್ದು. ಬಣ್ಣ ಹೋಗಿ, ಮಣ್ಣು ಮೆತ್ತಿಕೊಂಡು, ಎಮ್ಮೆ ಬೆನ್ನಿನ ಹಾಗಿತ್ತು.

"ಮೊದಲು ಇದನ್ನ ನೋಡು."

ಒಬ್ಬ ಎಲೆಅಡಿಕೆ ಜಗಿಯುತ್ತಾ ಹತ್ತಿದ. ಒಬ್ಬಳು ಫೋನಿನಲ್ಲಿ ನಾದಿನಿ ಹತ್ತಿರ ಜಗಳ ಆಡುತ್ತಲೇ ಹತ್ತಿದಳು. ಒಬ್ಬಾತ ಮಲಗಿದ ಮಗುವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹತ್ತಿದ. ಮಗು ಮಿಸುಕಲಿಲ್ಲ. ಸ್ವಂತ ಮನೆ ಹೊಸ್ತಿಲು ದಾಟಿದ ಹಾಗೆ ಎಲ್ಲರ ಕಾಲೂ ತಾನಾಗಿ ಮೇಲೆ ಹೋಯಿತು.

"ಛೇ, ಒಬ್ಬರೂ ಕೆಳಗೆ ನೋಡ್ಲಿಲ್ವಲ್ಲ ಗುರುಗಳೇ. ಪಾಪ."

"ಹೂಂ. ಪಾಪ."

ಆಮೇಲೆ ಅಶ್ರಫನ ಜೀಪಿನ ಸರದಿ. ಅಲ್ಲಿಗೂ ಒಬ್ಬ ತಂದೆ ಮಲಗಿದ ಮಗು ಹೊತ್ತು ಬಂದ. ನಿಂತ. ತಲೆ ತಗ್ಗಿಸಿದ. ಹೊಳೆಯುವ ಪೈಪಿನ ಮೇಲೆ ಕಾಲಿಟ್ಟ, ಜಾರಿತು, ತೆಗೆದ. ಮಗುವನ್ನು ಒಳಗಿದ್ದವರ ಕೈಗೆ ಕೊಟ್ಟು, ಕಂಬಿ ಹಿಡಿದು ಹತ್ತಿದ. ಮಗು ಎದ್ದು ಕಿಟಾರನೆ ಕಿರುಚಿತು.

ತಿಮ್ಮೇಶನ ಮುಖ ಸಣ್ಣದಾಯಿತು.

"ಗುರುಗಳೇ... ನಿನ್ನೆಯಿಂದ ಇವರೆಲ್ಲ ನೋಡ್ತಿದ್ದದ್ದು, ಎಲ್ಲಿ ಬೀಳ್ತೀವೋ ಅಂತಾನಾ?"

"ನನ್ನೇನ್ ಕೇಳ್ತೀಯ? ಅಜ್ಜೀನ ಕೇಳು. ಎರಡು ಸಲ ನೋಡಿದಾರೆ."

ಸಾಯಂಕಾಲ ಅಶ್ರಫ್ ಜೀಪು ತಂದು ನಿಲ್ಲಿಸಿದ. ತಿಮ್ಮೇಶ ಯಾರೂ ಹೇಳದೆಯೇ ಕೊಂಬಿನ ಪೈಪನ್ನು ಕತ್ತರಿಸಿ ಕೆಳಗಿಳಿಸಿದ.

ಬೆಳಿಗ್ಗೆ ಸೀಮೆಸುಣ್ಣ ಹಿಡಿದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯತೊಡಗಿದ.

"ಗಿರಿಜಕ್ಕಾ, ಬಾ ಇಲ್ಲಿ. ಜೀಪು ಹಿಡ್ಕೊಂಡು, ಕಣ್ಣು ಮುಚ್ಚಿ, ಹತ್ತೋ ಹಾಗೆ ಕಾಲೆತ್ತು."

ಟೀ ಅಂಗಡಿ ಗಿರಿಜಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಕಾಲೆತ್ತಿದ ಮೇಲೆ ನೀರು ಸುರೀತೀಯ. ಗೊತ್ತು ಕಣೋ ನಿನ್ ಬುದ್ಧಿ!"

"ಇಲ್ಲ ಅಕ್ಕಾ, ನಿನ್ನಾಣೆಗೂ!"

ಎತ್ತಿದಳು. ಕಾಲು ತಾನಾಗಿ ನಿಂತ ಕಡೆ ಜೀಪಿನ ಮೈಗೆ ಗೀಟು ಎಳೆದ. ಹೀಗೆ ಕುಳ್ಳರು, ಉದ್ದದವರು, ಮಂಡಿನೋವಿನವರು, ಎಲ್ಲರ ಗೀಟೂ ಬಿತ್ತು. ಗೀಟು ಹೆಚ್ಚು ಸೇರಿದ ಕಡೆ, ಮೇಲ್ಮೈ ತರಿತರಿ ಇರುವ ಅಗಲವಾದ ಕಬ್ಬಿಣದ ಹಲಗೆ ಕೂರಿಸಿದ. ಕಪ್ಪು ಬಣ್ಣ ಬಳಿದ.

ಭಾನುವಾರ ಹದಿನಾಲ್ಕು ಜನ ಹತ್ತಿದರು. ಒಬ್ಬರು ಬೆಟ್ಟ ನೋಡುತ್ತಾ, ಒಬ್ಬರು ಆಕಳಿಸುತ್ತಾ, ಉಳಿದವರು ಕಿಟಕಿ ಪಕ್ಕದ ಜಾಗಕ್ಕೆ ಕಿತ್ತಾಡುತ್ತಾ.

ತಿಮ್ಮೇಶ ಶೆಡ್ಡಿಗೆ ಬಂದು ಗುರುಗಳ ಪಕ್ಕ ಕುಕ್ಕರಿಸಿದ. ಅವನ ಮುಖದಲ್ಲಿ ಖುಷಿಯೂ ಇತ್ತು, ಒಂಚೂರು ಸಂಕಟವೂ ಇತ್ತು.

"ಗುರುಗಳೇ, ಒಬ್ಬರೂ ನೋಡ್ಲಿಲ್ಲ."

ಗುರುಗಳು ಬಾಯ್ತುಂಬ ನಕ್ಕರು. ಎದ್ದು ಹೋಗಿ, ಮೂಲೆಯಲ್ಲಿದ್ದ ಹೊಸ ದಪ್ಪ ಪೈಪು ತಂದು ಅವನ ಹೆಗಲ ಮೇಲಿಟ್ಟರು.

"ತಗೋ. ಅಶ್ರಫನ ರೋಲ್ ಬಾರ್."

ತಿಮ್ಮೇಶ ಪೈಪನ್ನು ಸವರಿದ. ಆಮೇಲೆ ಮೆಲ್ಲಗೆ ಕೇಳಿದ, "ಇದನ್ನಾದ್ರೂ ಯಾರಾದ್ರೂ ನೋಡಿ, ಏನ್ ಗಟ್ಟಿಯಾಗಿ ಮಾಡಿದಾನೆ ಮಹಾರಾಯ ಅಂತಾರಾ ಗುರುಗಳೇ?"

ಗುರುಗಳು ಅವನ ಮುಖಕ್ಕೆ ವೆಲ್ಡಿಂಗ್ ಗುರಾಣಿ ಇಳಿಸಿದರು.

"ಎಷ್ಟು ಗಟ್ಟಿ ಅಂತ ಯಾರಿಗೂ, ಯಾವತ್ತೂ ಗೊತ್ತಾಗದೇ ಇರ್ಲಿ ಅಂತ ಬೇಡ್ಕೊ. ಬೇಡ್ಕೊಂಡು, ಗಟ್ಟಿಯಾಗೇ ಮಾಡು."