ಕೂಸಿನ ಒಪ್ಪಿಗೆ

ಅವರೆಕಾಯಿಯ ಕಾಲದಲ್ಲಿ ಕಲ್ಲಬಾವಿಪಾಳ್ಯದ ಚರ್ಚಿನ ಗುರು ಪೂಜ್ಯ ದಾವಿದಪ್ಪ ಸ್ವಾಮಿಗಳನ್ನು ಕಾಣಬೇಕಾದವರು ಗುಡಿಯೊಳಗೆ ಹುಡುಕುತ್ತಿರಲಿಲ್ಲ. ಗುರುಮನೆಯ ಜಗಲಿಯ ಮೇಲೆ, ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು, ಅಡುಗೆಯಾಕೆ ಎಷ್ಟು ಬೇಡವೆಂದರೂ ಕೇಳದೆ ಅವರು ಅವರೆಕಾಳು ಹಿದುಕುತ್ತ ಕುಳಿತಿರುತ್ತಿದ್ದರು. ಕಾಳು ಚಿಮ್ಮಿ ಬಂದವರ ಮೈಮೇಲೆ ಬೀಳುವುದಿತ್ತು. ಭಕ್ತರು ಅದನ್ನೂ ಆಶೀರ್ವಾದವೆಂದೇ ಸ್ವೀಕರಿಸುತ್ತಿದ್ದರು.

ಒಂದು ಬೆಳಿಗ್ಗೆ ಇನ್ನಾಸಪ್ಪ ಮೇಷ್ಟ್ರು ಅಲ್ಲಿಗೆ ಬಂದರು. ಅವರು ವಾದಕ್ಕೆ ನಿಂತರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಿಂದೆಯೇ ಅವರ ತಾಯಿ ಗ್ನಾನಮ್ಮ ಮೂರು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಕಣ್ಣೊರೆಸಿಕೊಳ್ಳುತ್ತ ಬಂದರು. ಮೇಷ್ಟ್ರು ಮಗನಿಗೆ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನವೇ ಬೇಡವೆಂದು ಹಟ ಹಿಡಿದಿದ್ದರು. ಕಾಯಿಲೆಯ ಆ ಮುದುಕಿಗೋ, ಕಣ್ಮುಚ್ಚುವುದರೊಳಗೆ ಕೂಸಿನ ಹಣೆಗೆ ಪವಿತ್ರ ಜಲ ಬೀಳುವುದನ್ನು ನೋಡಬೇಕೆಂಬುದೊಂದೇ ಆಸೆ.

"ಸ್ವಾಮಿ, ರಕ್ಷಣೆ ದೇವರ ಕೃಪೆ ಅಂತೀರಿ. ಹಂಗಾದ್ರೆ ಮನುಷ್ಯನ ಇಚ್ಛೆಗೆ ಏನು ಬೆಲೆ?" ಎಂದು ಮೇಷ್ಟ್ರು ಶುರುಮಾಡಿದರು. "ನಲವತ್ತು ವರ್ಷದ ಹಿಂದೆ ಕೂಸಾಗಿದ್ದಾಗ ನನಗೂ ನೀರು ಹಾಕಿದ್ರು. ಬೇಕಾ ಅಂತ ಗುರುಗಳು ಕೇಳಿದ್ರೆ ನನ್ನ ಪರವಾಗಿ ಬೇಕು ಅಂದೋನು ನಮ್ಮ ಸೋದರಮಾವ! ಕೇಳದೆ ಕೊಟ್ಟಿದ್ದು ಕೃಪೆಯಲ್ಲ ಸ್ವಾಮಿ, ಬಲವಂತ. ನನ್ನ ಮಗ ದೊಡ್ಡೋನಾಗಿ ತಾನೇ ಆರಿಸ್ಕೊಳ್ಳಲಿ."

ಒಂದು ಕಾಳು ಚಿಮ್ಮಿ ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು.

"ನ್ಯಾಯವಾದ ಮಾತು," ಎಂದರು ಸ್ವಾಮಿಗಳು. "ಹೆಸರೂ ಅವನೇ ಆರಿಸ್ಕೊಳ್ಳಲಿ. ಅಲ್ಲೀವರೆಗೆ ಮುದ್ದಿಗೂ ಯಾವ ಹೆಸರಿಂದಲೂ ಕರೀಬೇಡಿ."

ಗೆದ್ದೆನೆಂದು ಮೇಷ್ಟ್ರು ಬೀಗುತ್ತ ಮನೆಗೆ ಹೋದರು. ಗ್ನಾನಮ್ಮನವರಿಗೆ ಸ್ವಾಮಿಗಳ ಮೇಲೆಯೇ ಸಿಟ್ಟು ಬಂತು. ಆ ಜಾಗದಲ್ಲಿದ್ದರೆ ನನಗೂ ಬರುತ್ತಿತ್ತು.

ಮುಂದಿನ ಎರಡು ತಿಂಗಳು ಆ ಮನೆಯ ಪಾಡು ಯಾರಿಗೂ ಬೇಡ. ಚುಚ್ಚುಮದ್ದಿನ ನರ್ಸಮ್ಮ ಹೆಸರು ಕೇಳಿದಳು. ಮೇಷ್ಟ್ರು ಅರ್ಧ ಗಂಟೆ ಉಪನ್ಯಾಸ ಕೊಟ್ಟರು. ಆಕೆ ಬೇಸತ್ತು 'ಮೇಷ್ಟ್ರ ಮಗು' ಎಂದು ಬರೆದುಕೊಂಡಳು. ಅದಕ್ಕೂ ಮಗುವಿನ ಒಪ್ಪಿಗೆಯಿಲ್ಲವೆಂದು ತಕರಾರು ತೆಗೆದರು. ಗ್ನಾನಮ್ಮನವರು ಮೊಮ್ಮಗನಿಗೆಂದು ಕೂಡಿಟ್ಟಿದ್ದ ಮುದ್ದಿನ ಹೆಸರುಗಳನ್ನೆಲ್ಲ ಮಗನಿಗೆ ಕೇಳಿಸುವಂತೆ ಬೆಕ್ಕಿಗೆ ಕೊಟ್ಟುಬಿಟ್ಟರು. "ಬಾರೋ ನನ್ನ ರಾಜ, ನನ್ನ ಕಂದ" ಎಂದರೆ ಬೆಕ್ಕು ಬಾಲವೆತ್ತಿ ಬರುತ್ತಿತ್ತು. ಅದರ ಕೊಬ್ಬು ಹೇಳತೀರದು.

ಒಂದು ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಮೇಷ್ಟ್ರು ಕಿಟಕಿಯಾಚೆ ಇಣುಕಿ, ಬೀದಿ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕರೆದರು.

"ಚಿನ್ನಾ..."

ಮಗು ತಲೆ ತಿರುಗಿಸಿ ಬೊಚ್ಚುಬಾಯಿ ತೆರೆದು ನಕ್ಕಿತು. ಅರ್ಧ ಗಂಟೆಯಾದ ಮೇಲೆ ಅವರು ಮಗುವನ್ನೆತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಗುರುಮನೆಗೆ ಓಡಿದರು.

"ಸ್ವಾಮಿ, ತಪ್ಪಾಯ್ತು. ಕರೆದುಬಿಟ್ಟೆ."

"ಅವನ ಒಪ್ಪಿಗೆ ಕೇಳಿದ್ರಾ?"

"ಇಲ್ಲ."

"ತಿರುಗಿದ್ನಾ?"

"ಹತ್ತು ಸಲ ತಿರುಗ್ದ. ನಾನು ತಿರುಗಿಸ್ಲಿಲ್ಲ ಸ್ವಾಮಿ, ತಾನೇ ತಿರುಗ್ದ. ಹನ್ನೊಂದನೇ ಸಲ ತಿರುಗ್ಲಿಲ್ಲ. ಕಾಲಿನ ಹೆಬ್ಬೆರಳು ಚೀಪ್ತಾ ಇದ್ದ."

"ಆಗ ನೀವೇನು ಮಾಡಿದ್ರಿ?"

"ಮತ್ತೆ ಕರೆದೆ."

"ದೇವರೂ ಅಷ್ಟೇ ಮಾಡೋದು, ಮೇಷ್ಟ್ರೇ," ಎಂದು ಸ್ವಾಮಿಗಳು ಮಗುವಿನತ್ತ ಕೈಚಾಚಿದರು.

ಮೇಷ್ಟ್ರು ವಾದಕ್ಕೆ ನಿಲ್ಲದೆ ಮಗುವನ್ನು ಅವರ ಕೈಗಿತ್ತರು. ಊರಿನ ನೆನಪಿನಲ್ಲಿ ಅದೇ ಮೊದಲು.

ಮುಂದಿನ ಭಾನುವಾರ ಗುಡಿ ತುಂಬಿತ್ತು. ಗ್ನಾನಮ್ಮನವರು ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕುಳಿತಿದ್ದರು. ಸ್ವಾಮಿಗಳು ಮಗುವಿನ ತಲೆ ಹಿಡಿದು, "ಜ್ಞಾನಸ್ನಾನ ಬೇಕೇ?" ಎಂದು ಕೇಳಿದರು. ಮಗುವಿನ ಪರವಾಗಿ ನಿಂತಿದ್ದ ಸೋದರಮಾವ ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಬೇಕು!" ಎಂದು ಕೂಗಿಬಿಟ್ಟರು.

"ನೀವಲ್ಲ ಮೇಷ್ಟ್ರೇ, ಮಾವ ಹೇಳ್ಬೇಕು," ಎಂದು ಸ್ವಾಮಿಗಳಿಗೆ ನೆರವಾಗುತ್ತಿದ್ದ ಉಪದೇಶಿ ಪಿಸುಗುಟ್ಟಿದ.

"ಮಗೂದು ಅವನು ಹೇಳ್ತಾನೆ," ಎಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ. "ಇದು ನಂದು. ನಲವತ್ತು ವರ್ಷ ತಡವಾಯ್ತು."