ಗೊರವ, ಗೌರವ

ಮೂರು ವರ್ಷ ಓದಿದರೆ ಬಿ.ಎ. ಆಗುತ್ತದೆ. ಇನ್ನೊಂದು ವರ್ಷ ಓದಿದರೆ ಬಿ.ಎ. ಆನರ್ಸ್. ಆ ಇನ್ನೊಂದು ವರ್ಷ ಯಾಕೆ ಅಂತ ಯಾರನ್ನು ಕೇಳಿದರೂ ನೆಟ್ಟಗೆ ಉತ್ತರ ಬರುತ್ತಿರಲಿಲ್ಲ. ಜೊತೆಯವರೆಲ್ಲ ಮೂರಕ್ಕೇ ಕೈಮುಗಿದು, ಫೋಟೋ ತೆಗೆಸಿಕೊಂಡು, ತಮ್ಮ ತಮ್ಮ ಊರು ಸೇರಿದರು. ಕನ್ನಡ ವಿಭಾಗದಲ್ಲಿ ಉಳಿದವಳು ತೇಜಾವತಿ ಒಬ್ಬಳೇ.

ಒಬ್ಬಳಿಗೋಸ್ಕರ ಕ್ಲಾಸು ನಡೆಸುವವರು ಯಾರು? ವಿಭಾಗದವರು ಅವಳನ್ನು ಶಾಂತವೀರಯ್ಯ ಮೇಷ್ಟ್ರಿಗೆ ಒಪ್ಪಿಸಿ ಕೈ ತೊಳೆದುಕೊಂಡರು. ಮೇಷ್ಟ್ರು ಇದ್ದದ್ದು ಪೇಟೆಯಿಂದ ಎರಡು ಗಂಟೆ ದೂರ, ಕಪಿಲೆಯ ದಂಡೆಯ ಹಳೇ ಆಶ್ರಮದಲ್ಲಿ. ಆಶ್ರಮ ಅಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಜಗಲಿ, ಗೋಡೆ ತುಂಬ ಪುಸ್ತಕ. ಶುಕ್ರವಾರ ಶುಕ್ರವಾರ ತೇಜಾವತಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಬರೆದದ್ದನ್ನು ತೋರಿಸಿ ಬರಬೇಕಿತ್ತು.

ಮೊದಲ ಶುಕ್ರವಾರವೇ ಅವಳು ಕೇಳಿದ್ದಳು.

"ಸಾರ್, ಈ ನಾಲ್ಕನೇ ವರ್ಷದಲ್ಲಿ ಏನು ಕಲಿಯೋದು?"

"ಮೂರು ವರ್ಷದಲ್ಲಿ ಕಲಿತಿದ್ದನ್ನ."

"ಕಲಿತಿದ್ದನ್ನ ಮತ್ತೆ ಯಾಕೆ ಕಲೀಬೇಕು ಸಾರ್?"

"ಟೀ ಕುಡೀತೀಯಾ?" ಅಂದರು ಮೇಷ್ಟ್ರು.

ಅವಳು ಪ್ರಬಂಧಕ್ಕೆ ಹಿಡಿದ ವಿಷಯ ಗೊರವರು. ಕರಡಿ ಕೂದಲಿನ ಕುಲಾವಿ ತೊಟ್ಟು, ಡಮರುಗ ಬಾರಿಸಿಕೊಂಡು, ಮೈಲಾರಲಿಂಗನ ಹೆಸರಲ್ಲಿ ಮನೆ ಮನೆಗೆ ಭಿಕ್ಷಕ್ಕೆ ಬರುತ್ತಾರಲ್ಲ, ಅವರು. ಒಂದು ಹಳ್ಳಿಗೆ ಹೋಗಿ, ಮುದುಕ ಗೊರವರೊಬ್ಬರ ಎದುರು ಮೂರು ದಿನ ಕೂತು, ಅವರ ಪದಗಳನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು ಬಂದಿದ್ದಳು. ಆಗ ಎಷ್ಟು ಹುರುಪು ಇತ್ತು ಅಂತೀರಿ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಗೊರವರ ಕಥೆ ಹೇಳುತ್ತಿದ್ದಳು.

ಹುರುಪು ಯುಗಾದಿವರೆಗೆ ಬರಲಿಲ್ಲ. ಅಡಿಟಿಪ್ಪಣಿ ಹಾಕು, ಅಡಿಟಿಪ್ಪಣಿ ತೆಗಿ, ಮೂರನೇ ಅಧ್ಯಾಯ ಎರಡಕ್ಕೆ ತಾ, ಎರಡನ್ನು ಒಡಿ. ಮಾಡಿ ಮಾಡಿ ಪಾಪ ಹುಡುಗಿ ಹಣ್ಣಾದಳು. ಸೋದರಮಾವ ಸಿಕ್ಕಿದಾಗಲೆಲ್ಲ, "ಇನ್ನೂ ಓದ್ತಾನೇ ಇದೀಯೇನಮ್ಮಾ?" ಅನ್ನುತ್ತಿದ್ದರು. ಅಮ್ಮ ಫೋನು ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲು, "ಮುಗೀತಾ?" ಅನ್ನುತ್ತಿದ್ದಳು. ತೇಜಾವತಿಗೆ ಎರಡೂ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ಒಣಗಿಹೋಗಿತ್ತು.

"ಸಾಕಾಗಿದೆ ಸಾರ್," ಅಂದಳು ಒಂದು ಶುಕ್ರವಾರ.

"ಹ್ಞೂಂ."

"ನಿಜವಾಗ್ಲೂ ಸಾಕಾಗಿದೆ. ಬರೆದದ್ದನ್ನ ಇನ್ನೊಂದು ಸಲ ಓದೋಕೂ ಮನಸ್ಸಿಲ್ಲ."

"ಬರೆದೋಳಿಗೇ ಬೇಡ ಅಂದ್ರೆ ಇನ್ಯಾರು ಓದ್ತಾರೆ?"

"ಯಾರೂ ಓದಲ್ಲ ಸಾರ್. ಆಫೀಸಿಗೆ ಕೊಟ್ರೆ ಸಾಕು."

ಮೇಷ್ಟ್ರು ಮುಂದಿನ ಪುಟ ತಿರುವಿದರು.

ಕೊಡುವ ದಿನ ಹತ್ತಿರ ಬಂತು. ಸೋಮವಾರ ಸಂಜೆ ಐದರೊಳಗೆ ಮೂರು ಪ್ರತಿ, ಮೂರಕ್ಕೂ ಮಾರ್ಗದರ್ಶಕರ ಸಹಿ. ಒಂದು ನಿಮಿಷ ತಡವಾದರೂ ತೆಗೆದುಕೊಳ್ಳುವುದಿಲ್ಲ ಅಂತ ನೋಟಿಸು ಅಂಟಿಸಿದ್ದರು. ತಪ್ಪಿದರೆ ಆನರ್ಸ್ ಇಲ್ಲ. ಜೊತೆಯವರು ಹೋದ ವರ್ಷವೇ ತೆಗೆದುಕೊಂಡು ಹೋದ ಆ ಮೂರು ವರ್ಷದ ಪದವಿಯೇ ಇವಳಿಗೂ. ಒಂದು ವರ್ಷ ಹೊಳೆಗೆ ಹಾಕಿದ ಹಾಗೆ.

ಟೈಪಿಂಗ್ ಅಂಗಡಿಯ ರಾಚಪ್ಪ ಒಳ್ಳೆಯವನು, ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಶುಕ್ರವಾರ ಬೆಳಿಗ್ಗೆ ನಾಲ್ಕು ಪ್ರತಿ, ಆಫೀಸಿಗೆ ಮೂರು ಅವಳಿಗೊಂದು, ರಟ್ಟು ಕಟ್ಟಿ ಕೈಗಿಟ್ಟು, "ಅಕ್ಕಾ, ಪುಸ್ತಕದ ತುಂಬ ಒಂದೇ ತಪ್ಪು ಇತ್ತು. ಕಂಪ್ಯೂಟರು ಕೆಂಪು ಗೆರೆ ತೋರಿಸ್ತಿತ್ತು. ಎಲ್ಲಾ ನಾನೇ ತಿದ್ದಿದ್ದೀನಿ," ಅಂದ.

ಏನು ತಪ್ಪು ಅಂತ ಕೇಳುವ ತ್ರಾಣವೂ ಅವಳಿಗೆ ಇರಲಿಲ್ಲ. ಥ್ಯಾಂಕ್ಸ್ ಅಂತ ಹೇಳಿ ಬಸ್ಸು ಹತ್ತಿದಳು.

ಮೇಷ್ಟ್ರು ಜಗಲಿಯ ಮೇಲೆ ಕೂತು ಕನ್ನಡಕ ಹಾಕಿಕೊಂಡರು. ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದರು.

"ಗೌರವರು ಕರಡಿ ಕೂದಲಿನ ಕುಲಾವಿ ತೊಟ್ಟು ಮನೆ ಮನೆಗೆ ಭಿಕ್ಷಕ್ಕೆ ಬರುತ್ತಾರೆ."

ತೇಜಾವತಿಗೆ ಮೊದಲು ಅರ್ಥವಾಗಲಿಲ್ಲ. ಪುಸ್ತಕ ಕಿತ್ತುಕೊಂಡು ನೋಡಿದಳು. ಗೊರವ ಅಂತ ಇದ್ದಲ್ಲೆಲ್ಲ ಗೌರವ. ಒಳಗೆ, ಹೊರಗೆ, ಮೇಲಿನ ರಟ್ಟಿನ ಮೇಲೂ ಚಿನ್ನದ ಅಕ್ಷರದಲ್ಲಿ, 'ಮೈಸೂರು ಸೀಮೆಯ ಗೌರವರು'. ರಾಚಪ್ಪನ ಕಂಪ್ಯೂಟರಿಗೆ ಗೊರವ ಅನ್ನುವ ಮಾತು ಗೊತ್ತಿರಲಿಲ್ಲ. ರಾಚಪ್ಪನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಆದರೆ ಅವಳು ನೋಡಿರಲಿಲ್ಲ.

ಅವಳು ಪುಸ್ತಕ ಮುಚ್ಚಿ ಫೋನು ತೆಗೆದಳು.

"ಒಂದೇ ನಿಮಿಷ ಸಾರ್. ಗೌರವ ಇರೋ ಕಡೆಯೆಲ್ಲ ಗೊರವ ಮಾಡು ಅಂತ ರಾಚಪ್ಪನಿಗೆ ಫೋನು ಮಾಡಿದ್ರೆ ಕಂಪ್ಯೂಟರೇ ಮಾಡುತ್ತೆ."

"ನಿಜವಾಗ್ಲೂ ಗೌರವ ಅಂತ ಇರೋ ಕಡೆ?"

ಆಗ ಹೊಳೆಯಿತು ಅವಳಿಗೆ. ಅಲ್ಲೂ ಗೊರವ ಆಗುತ್ತದೆ. 'ಊರಿನವರು ನನ್ನನ್ನು ಗೊರವದಿಂದ ಬರಮಾಡಿಕೊಂಡರು' ಅಂತ ಆಗುತ್ತದೆ.

ಮೇಷ್ಟ್ರು ಕೆಂಪು ಪೆನ್ನು ಕೊಟ್ಟರು.

"ನಿನ್ನ ಪ್ರತಿ ಇದೆಯಲ್ಲ, ಅದರಲ್ಲಿ ಒಂದೊಂದೇ ನೋಡು. ಯಾವುದು ಗೊರವ, ಯಾವುದು ಗೌರವ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ."

ಅವಳು ಹೊಳೆಯ ಕಡೆ ಮುಖ ಮಾಡಿ ಕೂತಳು. ಮೈ ಕೈ ನೋವು, ಕಣ್ಣುರಿ. ರಾಚಪ್ಪನ ಮೇಲೆ ಸಿಟ್ಟು, ಮೇಷ್ಟ್ರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಗೊರವ, ಗೊರವ, ಗೌರವ, ಗೊರವ. ಒಂದೊಂದು ಸಾಲಿಗೂ ನಿಲ್ಲಬೇಕು, ಓದಬೇಕು, ನಿರ್ಧಾರ ಮಾಡಬೇಕು. ತನ್ನ ಪ್ರಬಂಧವನ್ನು ಅವಳು ಹೀಗೆ ಓದಿದ್ದು ಅದೇ ಮೊದಲು.

ಅರವತ್ತೊಂದನೇ ಪುಟದಲ್ಲಿ ಪೆನ್ನು ನಿಂತಿತು.

'ಗೌರವರನ್ನು ಸಮಾಜ ಗೌರವದಿಂದ ಕಾಣುತ್ತದೆ ಎಂದು ವಕ್ತೃ ತಿಳಿಸಿದರು.'

ಮೊದಲನೆಯದು ಗೊರವ, ಎರಡನೆಯದು ಗೌರವ. ಅದು ಸುಲಭ. ಅವಳನ್ನು ನಿಲ್ಲಿಸಿದ್ದು ವಕ್ತೃ. ಮಾಹಿತಿ ಕೊಟ್ಟವರನ್ನು ಪ್ರಬಂಧದಲ್ಲಿ ಹಾಗೆ ಕರೆಯುವುದು ರೂಢಿ. ಅವಳು ಹಿಂದಿನ ಪುಟಗಳನ್ನು ತಿರುವಿದಳು. ವಿದ್ವಾಂಸರ ಹೆಸರುಗಳಿದ್ದವು, ಇನಿಷಿಯಲ್ಲು ಸಮೇತ. ಮೂರು ದಿನ ಎದುರು ಕೂತು ಹಾಡಿದ ಆ ಮುದುಕರು ಮಾತ್ರ ಎಲ್ಲ ಕಡೆಯೂ ವಕ್ತೃ. ಬ್ಯಾಗಿನಿಂದ ನೋಟುಪುಸ್ತಕ ತೆಗೆದು ಹುಡುಕಿದಳು. ಅಲ್ಲಿ 'ತಾತ' ಅಂತ ಬರೆದಿತ್ತು. ಬೇರೇನೂ ಇರಲಿಲ್ಲ.

ಬೀಳ್ಕೊಡುವಾಗ ಆ ತಾತ ಕೇಳಿದ್ದರು, ಪುಸ್ತಕದಲ್ಲಿ ನಾನೂ ಬತ್ತೀನಾ ಅಂತ. ಹೂಂ ತಾತ, ಬರದೇ ಏನು ಅಂದಿದ್ದಳು.

"ಸಾರ್, ನಾನು ತಾತನ ಹೆಸರೇ ಕೇಳಿಲ್ಲ."

"ವಕ್ತೃ ಅಂತ ಹಾಕಿದೀಯಲ್ಲ."

"ಪರೀಕ್ಷಕರು ಕೇಳ್ತಾರಾ?"

"ಕೇಳಲ್ಲ."

"ಗೌರವರು ಅಂತ ಇರೋದನ್ನಾದ್ರೂ ನೋಡ್ತಾರಾ?"

"ಅನುಮಾನ. ಆಫೀಸಿನಲ್ಲಿ ಮೂರು ಇದೆಯಾ, ಸಹಿ ಇದೆಯಾ ಅಂತ ನೋಡ್ತಾರೆ."

"ಸೋಮವಾರದೊಳಗೆ ತಾತನ ಊರಿಗೆ ಹೋಗಿ ಬಂದು, ತಿದ್ದಿಸಿ, ರಟ್ಟು ಕಟ್ಟಿಸಿ... ಆಗಲ್ಲ ಸಾರ್. ನನ್ನ ಕೈಲಿ ಆಗಲ್ಲ."

ಮೇಷ್ಟ್ರು ಆಫೀಸಿನ ಮೂರು ಪ್ರತಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. 'ಮೈಸೂರು ಸೀಮೆಯ ಗೌರವರು ಎಂಬ ಈ ಪ್ರಬಂಧವು ನನ್ನ ಮಾರ್ಗದರ್ಶನದಲ್ಲಿ' ಅಂತ ಇದ್ದ ಪುಟದ ಕೆಳಗೆ, ಮೂರಕ್ಕೂ ಸಹಿ ಹಾಕಿದರು. ತಾರೀಖು ಹಾಕಿದರು. ಅವಳ ಮುಂದಕ್ಕೆ ತಳ್ಳಿದರು.

"ತಗೊಂಡು ಹೋಗು. ಬಸ್ಸಿನ ಹೊತ್ತಾಯ್ತು."

ಬೈದಿದ್ದರೆ ಚೆನ್ನಾಗಿತ್ತು. ಹಾಕಲ್ಲ ಹೋಗು ಅಂದಿದ್ದರೆ ಅತ್ತು, ಜಗಳ ಆಡಿ, ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು. ಅವಳು ಮೂರು ಪ್ರತಿಗಳನ್ನೂ ಬ್ಯಾಗಿಗೆ ತುಂಬಿಕೊಂಡು ರಸ್ತೆಗೆ ಬಂದಳು. ಪೇಟೆಯ ಬಸ್ಸು ಬಂತು. ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಅಂತ ಅವಳನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಕಾಲು ಏಳಲಿಲ್ಲ, ಅಷ್ಟೇ.

ಮಾರನೇ ದಿನ ಬೇರೆ ಬಸ್ಸು ಹಿಡಿದು ತಾತನ ಹಳ್ಳಿ ಮುಟ್ಟಿದಾಗ ಅವರು ಮನೆಯಲ್ಲಿರಲಿಲ್ಲ. ಭಿಕ್ಷಕ್ಕೆ ಬೇರೆ ಊರಿಗೆ ಹೋಗಿದ್ದಾರೆ, ನಾಳೆ ಸಂಜೆಗೆ ಬರುತ್ತಾರೆ ಅಂದಳು ಅವರ ಸೊಸೆ. "ಇರು ಅಕ್ಕಾ, ನಮ್ಮನೇಲೇ ಇರು," ಅಂತ ಚಾಪೆ ಹಾಕಿಕೊಟ್ಟಳು. ತೇಜಾವತಿ ಮಲಗಿದಳು. ಎಷ್ಟೋ ತಿಂಗಳ ನಿದ್ದೆ ಒಟ್ಟಿಗೆ ಬಂದು ಬಿತ್ತು. ಎದ್ದ ಮೇಲೆ ಉಳಿದ ಪುಟಗಳಿಗೂ ಕೆಂಪು ಪೆನ್ನು ಆಡಿಸಿದಳು.

ಭಾನುವಾರ ಹೊತ್ತು ಇಳಿಯುವಾಗ ತಾತ ಬಂದರು.

"ಯಾರು, ಪ್ಯಾಟೆ ಅವ್ವನಾ? ಇನ್ನೂ ಪದ ಬೇಕಾಗಿತ್ತಾ?"

"ಪದ ಬೇಡ ತಾತ. ನಿಮ್ಮ ಹೆಸರು ಬೇಕು."

"ಗೊರವಯ್ಯ ಅಂತ ಬರ್ಕೊ."

"ಅದು ಎಲ್ಲಾ ಗೊರವರಿಗೂ ಅಂತಾರೆ. ನಿಮ್ಮದು ಹೇಳಿ."

ತಾತ ಕುಲಾವಿ ತೆಗೆದು ಪಕ್ಕಕ್ಕಿಟ್ಟು ಕೂತರು. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ತನ್ನ ಹೆಸರು ಹೇಳೋಕೆ ಯೋಚನೆ ಮಾಡುವ ಮನುಷ್ಯನನ್ನು ತೇಜಾವತಿ ಅದುವರೆಗೆ ನೋಡಿರಲಿಲ್ಲ.

"ಹೊನ್ನಮಲ್ಲೇಗೌಡ," ಅಂದರು. ಸರಿಯಾಗಿದೆಯಾ ಅಂತ ನೋಡುವವರ ಹಾಗೆ ಇನ್ನೊಂದು ಸಲ ಅಂದರು. "ನಮ್ಮವ್ವ ಹೋದ್ಮೇಲೆ ಯಾರೂ ಹಂಗೆ ಕರ್ದಿಲ್ಲ ಕಣವ್ವ."

ಅವಳು ಬರೆದುಕೊಂಡಳು. ಆಮೇಲೆ ಅರವತ್ತೊಂದನೇ ಪುಟದ ಆ ಸಾಲನ್ನೂ ಓದಿ ಹೇಳಿದಳು.

"ನಾನೆಲ್ಲಿ ಹಂಗಂದೆ?" ಅಂದರು ತಾತ.

"ಅಂದಿಲ್ವಾ?"

"ಜೋಳಿಗೆಗೆ ಅಕ್ಕಿ ಹಾಕ್ತಾರೆ, ಒಳೀಕೆ ಕರಿಯಕ್ಕಿಲ್ಲ ಅಂದೆ."

ಫೋನು ತೆಗೆದು ಕೇಳಿಸಿಕೊಂಡಳು. ಹಾಗೇ ಇತ್ತು. ಅದನ್ನು ಬರೆಯುವ ಹೊತ್ತಿಗೆ ಅವಳಿಗೆ ಎಷ್ಟು ದಣಿವಾಗಿತ್ತೆಂದರೆ, ಚೆನ್ನಾಗಿ ಕೇಳುವ ಯಾವುದೋ ಒಂದು ಸಾಲನ್ನು ತಾತನ ಬಾಯಿಗೆ ಹಾಕಿ ಮುಂದೆ ಹೋಗಿದ್ದಳು.

ಸೋಮವಾರ ಮೊದಲ ಬಸ್ಸಿಗೇ ಪೇಟೆಗೆ ಬಂದಳು. ರಾಚಪ್ಪ ಪಾಪ ತಪ್ಪಾಯ್ತು ಅಕ್ಕಾ ಅಂತ, ಅವಳ ಕೆಂಪು ಗುರುತು ನೋಡಿ ನೋಡಿ, ಊಟಕ್ಕೂ ಏಳದೆ ತಿದ್ದಿದ. ಹೊಸ ಪ್ರತಿಗಳು ಕೈಗೆ ಬರುವಾಗ ಮೂರೂವರೆ. ಇವಕ್ಕೆ ಸಹಿ ಇಲ್ಲ. ಹಳೇ ಸಹಿಯ ಪುಟ ಕಿತ್ತು ಅಂಟಿಸೋಣ ಅಂದರೆ ಆ ಪುಟದಲ್ಲೂ ಗೌರವರೇ. ಮೇಷ್ಟ್ರ ಹತ್ತಿರ ಹೋಗಿ ಬರೋಕೆ ನಾಲ್ಕು ಗಂಟೆ ಬೇಕು.

ಆಫೀಸಿಗೆ ಹೋಗಿ, "ನಾಳೆ ಸಹಿ ಹಾಕಿಸಿ ತರ್ತೀನಿ," ಅಂತ ಬೇಡಿಕೊಂಡಳು. ಗುಮಾಸ್ತೆ ನೋಟಿಸಿನ ಕಡೆ ಬೆರಳು ತೋರಿಸಿದರು.

ಹಳೇ ಮೂರು ಪ್ರತಿ ಬ್ಯಾಗಿನಲ್ಲೇ ಇದ್ದವು, ಸಹಿ ಸಮೇತ. ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು. ಆನರ್ಸ್ ಅವಳದು. ಅಮ್ಮನಿಗೆ ಫೋನು ಮಾಡಿ ಮುಗೀತು ಅನ್ನಬಹುದು. ಅವಳ ಕೈ ಬ್ಯಾಗಿನೊಳಗೆ ಹೋಯಿತು. ಹೋದ ಕೈ ಅಲ್ಲೇ ಇತ್ತು.

"ಏನಮ್ಮಾ, ಇದೆಯಾ ಇಲ್ವಾ?" ಅಂದರು ಗುಮಾಸ್ತೆ.

"ಇಲ್ಲ ಮೇಡಂ," ಅಂದಳು. ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಮನಸಾರೆ ಅತ್ತಳು.

ಆಶ್ರಮ ಮುಟ್ಟಿದಾಗ ಆರು ದಾಟಿತ್ತು. ಮೇಷ್ಟ್ರು ಜಗಲಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು.

"ಮುಗೀತು ಸಾರ್. ಐದು ಗಂಟೆ ಆಗಿಹೋಯ್ತು. ನಂಗಿನ್ನು ಮೂರು ವರ್ಷದ್ದೇ."

ಮೇಷ್ಟ್ರು ಹೊಸ ಪ್ರತಿ ಇಸಕೊಂಡರು. ನಿಧಾನವಾಗಿ ಪುಟ ತಿರುವಿದರು. ಅರವತ್ತೊಂದರಲ್ಲಿ ನಿಂತು ಗಟ್ಟಿಯಾಗಿ ಓದಿದರು.

"ಜೋಳಿಗೆಗೆ ಅಕ್ಕಿ ಹಾಕುತ್ತಾರೆ, ಒಳಗೆ ಕರೆಯುವುದಿಲ್ಲ ಎಂದರು ಹೊನ್ನಮಲ್ಲೇಗೌಡರು."

ಆಮೇಲೆ ಉಳಿದದ್ದನ್ನೂ ಓದಿದರು, ಕೊನೆಯ ಪುಟದವರೆಗೆ. ತೇಜಾವತಿ ಕಂಬಕ್ಕೆ ಒರಗಿ ಕಾದಳು. ಅವಳಿಗೆ ಯಾವ ಆತುರವೂ ಉಳಿದಿರಲಿಲ್ಲ.

"ಸಾರ್, ಆಫೀಸಿಗಲ್ಲ. ಸುಮ್ನೆ ನನ್ನ ಹತ್ರ ಇಟ್ಕೊಳ್ಳೋಕೆ. ಒಂದು ಸಹಿ ಹಾಕಿಕೊಡ್ತೀರಾ?"

ಮೇಷ್ಟ್ರು ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು.

"ಮೊನ್ನೆ ತಂದಿದ್ದಕ್ಕೆ ನನ್ನ ಸಹಿ ಬೇಕಿತ್ತಮ್ಮ. ಇದಕ್ಕೆ ಬೇಡ."